ತೋರಿಸುವ ಆದೇಶ ತಿದ್ದಲೂ ಬಲ್ಲದು

ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟಾಗ ನೀವೇನು ಮಾಡುತ್ತೀರಿ? ಅಲ್ಲಲ್ಲಿ ಪ್ರಿಂಟ್‌ಎಫ್ ಸಾಲುಗಳನ್ನು ಸೇರಿಸಿ, ಮತ್ತೆ ಕಂಪೈಲ್ ಮಾಡಿ ನೋಡುತ್ತೀರಿ, ಅಲ್ಲವೇ? ಡಿಬಗರ್‌ನ 'ಪ್ರಿಂಟ್' ಆದೇಶ ಈ ಶ್ರಮವನ್ನು ತಪ್ಪಿಸುತ್ತದೆ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದ ಜಿಡಿಬಿ ಎಂಬ ಮುಕ್ತ ತಂತ್ರಾಂಶವನ್ನೇ ತೆಗೆದುಕೊಳ್ಳೋಣ. ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ಉಕ್ತಿಯೊಂದನ್ನು ಕೊಟ್ಟರೆ, ಆ ಕ್ಷಣದ ಅದರ ಬೆಲೆಯನ್ನು ಇದು ತೋರಿಸುತ್ತದೆ.

ಸಿ ಭಾಷೆಯ ಪ್ರೋಗ್ರಾಂ ಒಂದರಲ್ಲಿ 'ಮೊತ್ತ' 7, 'ಎಣಿಕೆ' 2 ಎನ್ನಿ. ಎರಡೂ ಪೂರ್ಣಾಂಕ ಚರಗಳು. ಸರಾಸರಿ 3.5ರ ಬದಲು 3 ಬಂದಿದೆ. 'ಪ್ರಿಂಟ್ ಮೊತ್ತ/ಎಣಿಕೆ' ಎಂದರೆ ಇಲ್ಲಿಯೂ 3, 'ಪ್ರಿಂಟ್ ಮೊತ್ತ/2.0' ಎಂದರೆ 3.5. ಡಿಬಗರ್ ಸಿ ಭಾಷೆಯ ನಿಯಮದಂತೆಯೇ ಲೆಕ್ಕ ಮಾಡುವುದರಿಂದ ದೋಷ ಪೂರ್ಣಾಂಕ ಭಾಗಾಕಾರದಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ. ಪ್ರತಿ ಉತ್ತರಕ್ಕೂ $1, $2 ಎಂಬ ಕ್ರಮಸಂಖ್ಯೆ ಸಿಗುತ್ತದೆ. ಮುಂದಿನ ಉಕ್ತಿಗಳಲ್ಲಿ ಅದನ್ನೇ ಬಳಸಬಹುದು. ಬೆಲೆಯನ್ನು ದ್ವಿಮಾನ ಅಥವಾ ಷೋಡಶಮಾನ ಪದ್ಧತಿಯಲ್ಲೂ ನೋಡಬಹುದು.

ಇಷ್ಟೆಲ್ಲ ಗುಣಗಳಿದ್ದರೂ ಒಂದು ಆಕ್ಷೇಪವಿದೆ. ಎಣಿಕೆ ಸೊನ್ನೆಯೇ ಎಂದು ಕೇಳಲು 'ಪ್ರಿಂಟ್ ಎಣಿಕೆ == 0' ಎನ್ನಬೇಕು. ಎಣಿಕೆ 2 ಆದ್ದರಿಂದ ಉತ್ತರ 0, ಅಂದರೆ 'ಅಲ್ಲ'. ಅವಸರದಲ್ಲಿ ಒಂದೇ ಸಮಚಿಹ್ನೆ ಒತ್ತಿದಿರೋ, ಆಗಲೂ ತೆರೆಯ ಮೇಲೆ ಬರುವುದು 0! ಆದರೆ ಈ ಬಾರಿ ಎಣಿಕೆಯೇ ಸೊನ್ನೆಯಾಗಿದೆ. ಸಿ ಭಾಷೆಯಲ್ಲಿ ಬೆಲೆ ತುಂಬುವುದೂ ಒಂದು ಉಕ್ತಿಯೇ. ಆದೇಶ ಅದನ್ನು ಚಾಚೂ ತಪ್ಪದೆ ಪಾಲಿಸಿತು. ಮುಂದಿನ ಸಾಲಿನಲ್ಲಿ ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ನಿಂತರೆ, ಇಲ್ಲದ ದೋಷವನ್ನು ನೀವು ಹುಡುಕತೊಡಗುತ್ತೀರಿ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಕಂಪೈಲರ್ ತೆಗೆದುಹಾಕಿದ ಚರದ ಬೆಲೆ ಕೇಳಿದರೆ, ಅದು ಲಭ್ಯವಿಲ್ಲವೆಂದು ಜಿಡಿಬಿ ಪ್ರಾಮಾಣಿಕವಾಗಿ ಹೇಳುತ್ತದೆ. ತಾನೇ ಮಾಡಿದ ಬದಲಾವಣೆಯ ಬಗ್ಗೆ ಮಾತ್ರ ಎಚ್ಚರಿಸುವುದಿಲ್ಲ. ಬೆಲೆ ಬದಲಿಸಲೆಂದೇ 'ಸೆಟ್' ಎಂಬ ಬೇರೆ ಆದೇಶವಿರುವಾಗ, 'ಪ್ರಿಂಟ್' ಒಂದು ಮಾತು ಎಚ್ಚರಿಸಿದ್ದರೆ ಕಲಿಯುವವರಿಗೆ ಉಪಕಾರವಾಗುತ್ತಿತ್ತು.

ಹಾಗೆಂದು ಡಿಬಗರನ್ನು ದೂರವಿಡಬೇಕಿಲ್ಲ. ಅಧ್ಯಾಪಕರು ಪ್ರಯೋಗಾಲಯದಲ್ಲಿ ಈ ಎರಡೂ ಆದೇಶಗಳನ್ನು ಒಂದರ ನಂತರ ಒಂದು ಕೊಟ್ಟು, ಪ್ರತಿ ಬಾರಿಯೂ ಎಣಿಕೆಯ ಬೆಲೆಯನ್ನು ಮತ್ತೆ ಕೇಳಿ ತೋರಿಸಲಿ. ಅಳೆಯುವ ಸಾಧನವೇ ಅಳತೆಯನ್ನು ಬದಲಿಸಬಹುದು ಎಂಬ ಪಾಠ ವಿಜ್ಞಾನದ ವಿದ್ಯಾರ್ಥಿಗೆ ಹೊಸದಲ್ಲ. ಗಣಕದ ಮುಂದೆ ಕುಳಿತಾಗಲೂ ಅದನ್ನು ಮರೆಯಬಾರದು, ಅಷ್ಟೆ.