ಒಪ್ಪಿಗೆ ಪತ್ರದ ಒಂದು ವಾಕ್ಯ

ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಅರಿವಳಿಕೆಯ ಒಪ್ಪಿಗೆ ಪತ್ರ ಕನ್ನಡದಲ್ಲಿ ಸಿಗುವುದನ್ನೇ ರೋಗಿಯ ಹಕ್ಕಿನ ಗೆಲುವೆಂದು ಕೊಂಡಾಡುವವರಿದ್ದಾರೆ. 1953ರಲ್ಲೇ ಮಣಿಪಾಲದಲ್ಲಿ ಮೆಡಿಕಲ್ ಕಾಲೇಜು ಕಂಡ ನಮ್ಮ ಉಡುಪಿ ಸೀಮೆಯವರಾದರೂ ಇಷ್ಟು ಬೇಗ ತೃಪ್ತರಾಗಬಾರದು.

ಇಂಥ ಪತ್ರಗಳಲ್ಲಿ ಹೆಚ್ಚುಕಡಿಮೆ ಹೀಗೊಂದು ವಾಕ್ಯವಿರುತ್ತದೆ: ‘ಅರಿವಳಿಕೆಯ ಅಪಾಯಗಳನ್ನು ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಲಾಗಿದೆ.’ ವಿವರಿಸಿದವರು ಯಾರು? ವಾಕ್ಯದಲ್ಲಿ ಅವರಿಲ್ಲ. ಯಾವಾಗ? ಡಾಕ್ಟರು ಬಾಯಿ ತೆರೆಯುವ ಮೊದಲೇ ಅದು ಭೂತಕಾಲದಲ್ಲಿ ಅಚ್ಚಾಗಿದೆ. ಯಾವ ಭಾಷೆ? ಕಾಪುವಿನಿಂದಲೋ ಕಾರ್ಕಳದಿಂದಲೋ ಬಂದ ಅಜ್ಜಿ ತನ್ನ ಭಯವನ್ನು ಹೇಳಿಕೊಳ್ಳುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ. ಇನ್ನು ಆ ‘ನನಗೆ’ಯ ಕೆಳಗೆ ಎಷ್ಟೋ ಸಲ ಇರುವುದು ಮಗನ ಸಹಿ! ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತ್ತು: ಅರಿವಳಿಕೆಯಲ್ಲಿ ಮಲಗಿದ್ದ ಮಹಿಳೆಯ ಗರ್ಭಕೋಶ ತೆಗೆಯಲು ತಾಯಿಯ ಒಪ್ಪಿಗೆ ಸಾಲದು, ಜೀವಕ್ಕೆ ತುರ್ತು ಅಪಾಯವಿಲ್ಲದ ಮೇಲೆ ಆಕೆಗೆ ಎಚ್ಚರವಾಗುವ ತನಕ ಕಾಯಬೇಕಿತ್ತು. ಎಷ್ಟು ವಿವರ ಹೇಳಬೇಕೆಂಬುದನ್ನು ಮಾತ್ರ ಅದೇ ತೀರ್ಪು ವೈದ್ಯರ ರೂಢಿಯ ಅಳತೆಗೇ ಬಿಟ್ಟಿತು. ಅದನ್ನು ಹಾಡಿಹೊಗಳುವವರು ಈ ಭಾಗವನ್ನು ಓದಿದಂತಿಲ್ಲ.

‘ಎಲ್ಲ ಹೇಳಿದರೆ ರೋಗಿ ಹೆದರುತ್ತಾನೆ’ ಎನ್ನುವವರದ್ದು ಇನ್ನೊಂದು ಪಂಗಡ. ಇವರ ಜತೆ ನನ್ನ ಜಗಳ ಹಳೆಯದು. ‘ಬೆಳಿಗ್ಗೆ ಏನೂ ತಿನ್ನಬೇಡಿ’ ಎಂದಷ್ಟೇ ಕೇಳಿಸಿಕೊಂಡವರು ಅರ್ಧ ಲೋಟ ಹಾಲು ಹಾಕಿದ ಕಾಫಿ ಕುಡಿದು ಬರುತ್ತಾರೆ, ಕುಡಿಯುವುದು ತಿಂದಂತಾಯಿತೇ? ಎಚ್ಚರ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು, ಅದಕ್ಕೇ ಹಾಲಿಗೂ ಗಂಜಿಗೂ 6 ಗಂಟೆ, ಬರೀ ನೀರಿಗೆ 2 ಗಂಟೆ ಎಂದು ಬಿಡಿಸಿ ಹೇಳಲು ಒಂದು ನಿಮಿಷ ಸಾಕು. ಕಾರಣ ತಿಳಿದವರು ಕಾಫಿ ಮುಟ್ಟುವುದಿಲ್ಲ. ಸಿಸೇರಿಯನ್ ಆದವರು ಬೆನ್ನುನೋವು ಬಂದಾಗಲೆಲ್ಲ ‘ಸೊಂಟಕ್ಕೆ ಕೊಟ್ಟ ಇಂಜೆಕ್ಷನ್’ ಅನ್ನು ಬೈಯುವುದೂ ಈ ಮೌನದ ಫಲವೇ. ಆ ಸೂಜಿಯಿಂದ ಕೆಲವರಿಗೆ ಕೆಲವು ದಿನ ತಲೆನೋವು ಬರುವುದುಂಟು. ಹೆರಿಗೆಯ ನಂತರದ ಬೆನ್ನುನೋವು ಸೂಜಿ ಚುಚ್ಚಿಸಿಕೊಳ್ಳದವರನ್ನೂ ಬಿಡುವುದಿಲ್ಲ. ಇಷ್ಟನ್ನು ಹೇಳಿದ್ದರೆ ಯಾರೂ ಹೆದರಿ ಓಡಿಹೋಗುತ್ತಿರಲಿಲ್ಲ.

ದಿನಕ್ಕೆ ಹತ್ತಾರು ಕೇಸು ನೋಡುವ ಅರಿವಳಿಕೆ ತಜ್ಞರಿಗೆ ಪುರುಸೊತ್ತಿಲ್ಲ, ಒಪ್ಪೋಣ. ಆದರೂ ಆ ಪತ್ರ ಆಸ್ಪತ್ರೆಯ ಕೈಗೆ ಸಿಕ್ಕ ರಶೀದಿ, ಅಷ್ಟೇ. ಪೂರ್ತಿ ಎಚ್ಚರ ತಪ್ಪಿಸುತ್ತೀರೋ, ಸೊಂಟದ ಕೆಳಗೆ ಮಾತ್ರ ಮರಗಟ್ಟಿಸುತ್ತೀರೋ, ಯಾಕೆ ಎಂದು ಕೇಳಿ. ಉತ್ತರ ಬಂದ ಮೇಲೆ ಪೆನ್ನು ಹಿಡಿಯಿರಿ.