ಭಾಷಣವೇ ಪುಸ್ತಕವಾದ ಬಗೆ

ನಮ್ಮಲ್ಲಿ ಕಾಲೇಜು ಮೇಷ್ಟ್ರೊಬ್ಬರು ಸ್ವಲ್ಪ ಹೆಸರು ಮಾಡಿದರೆ ಸಾಕು, ಶನಿವಾರ ಪುಸ್ತಕ ಬಿಡುಗಡೆ, ಭಾನುವಾರ ತಾಲ್ಲೂಕು ಸಾಹಿತ್ಯ ಸಮ್ಮೇಳನ, ನಡುವೆ ಒಂದು ಅಂಕಣ, ಯಾರದೋ ಕವನ ಸಂಕಲನಕ್ಕೆ ಮುನ್ನುಡಿ. ಬರೆಯಬೇಕೆಂದುಕೊಂಡ ದೊಡ್ಡ ಪುಸ್ತಕ ನಿವೃತ್ತಿಯ ನಂತರಕ್ಕೆ ಹೋಗುತ್ತದೆ, ಅಲ್ಲಿಂದ ಮತ್ತೆಲ್ಲಿಗೋ ಹೋಗುತ್ತದೆ. ವೇದಿಕೆಯೇ ವಿದ್ವತ್ತನ್ನು ತಿಂದಿತು ಎಂದು ನಾವು ಮರುಗುತ್ತೇವೆ. ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬೂರ್ ಅವರನ್ನು ಓದುವಾಗ ಈ ದೂರು ಅಷ್ಟು ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ನೀಬೂರ್ 1928ರಿಂದ 1960ರವರೆಗೆ ನ್ಯೂಯಾರ್ಕಿನ ಯೂನಿಯನ್ ಥಿಯಲಾಜಿಕಲ್ ಸೆಮಿನರಿಯಲ್ಲಿ ಕ್ರೈಸ್ತ ನೀತಿಶಾಸ್ತ್ರ ಕಲಿಸಿದರು. ಅದಕ್ಕೂ ಮೊದಲು ಹದಿಮೂರು ವರ್ಷ, ಹೆನ್ರಿ ಫೋರ್ಡರ ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ ಒಂದು ಚರ್ಚಿನ ಸಭಾಪಾಲಕರಾಗಿದ್ದರು. ಡಾಕ್ಟರೇಟ್ ಇರಲಿಲ್ಲ. ಸೆಮಿನರಿಯಲ್ಲಿ ಅವರ ಮೊದಲ ದಿನಗಳ ಸಂಬಳವನ್ನು ಕೊಟ್ಟವರು, ಭಾರತದಲ್ಲಿ ವರ್ಷಗಟ್ಟಲೆ ವೈಎಂಸಿಎ ಕೆಲಸ ಮಾಡಿದ್ದ ಶೆರ್‌ವುಡ್ ಎಡ್ಡಿ. ವಾರದ ದಿನಗಳಲ್ಲಿ ಪಾಠ, ವಾರಾಂತ್ಯದಲ್ಲಿ ರೈಲು ಹತ್ತಿ ಯಾವುದಾದರೊಂದು ವಿಶ್ವವಿದ್ಯಾಲಯದ ಚಾಪೆಲ್‌ನಲ್ಲಿ ಪ್ರಸಂಗ. 1935ರಲ್ಲಿ ಒಂದು ಪತ್ರಿಕೆ, 1941ರಲ್ಲಿ 'ಕ್ರಿಶ್ಚಿಯಾನಿಟಿ ಅಂಡ್ ಕ್ರೈಸಿಸ್' ಎಂಬ ಇನ್ನೊಂದು. ಸಾಲದೆಂಬಂತೆ ಸೋಷಲಿಸ್ಟ್ ಪಕ್ಷದಿಂದ ಎರಡು ಸಲ ಚುನಾವಣೆಗೂ ನಿಂತು ಸೋತರು. ಹಾರ್ವರ್ಡ್ ಕರೆದಾಗ ಮಾತ್ರ ಹೋಗಲಿಲ್ಲ. ಸೆಮಿನರಿಯ ತರಗತಿಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

ಇಷ್ಟೆಲ್ಲವನ್ನು ಅವರು ಸರಿದೂಗಿಸಿದ್ದು ಹೇಗೆ ಎಂದು ಕೇಳುವುದು ವಾಡಿಕೆ. ಅವರ ಪುಸ್ತಕಗಳೇ ಹೇಳುವ ಉತ್ತರವೆಂದರೆ, ಅವರು ಇವನ್ನು ಬೇರೆ ಬೇರೆ ಕೆಲಸಗಳೆಂದು ಎಣಿಸಲೇ ಇಲ್ಲ. ತರಗತಿಯಲ್ಲಿ ಚರ್ಚಿಸಿದ್ದು ಚಾಪೆಲ್‌ಗೆ ಹೋಯಿತು, ಚಾಪೆಲ್‌ನಲ್ಲಿ ಹೇಳಿದ್ದು ಲೇಖನವಾಯಿತು, ಲೇಖನ ಪುಸ್ತಕಕ್ಕೆ ಬಂತು. ಅವರ ಶೈಲಿಯ ಬಲವೂ ದೋಷವೂ ಇಲ್ಲಿಯೇ ಇವೆ.

ಚುನಾವಣೆಗೆ ನಿಂತ 1932ರಲ್ಲೇ ಪ್ರಕಟವಾದ 'ಮಾರಲ್ ಮ್ಯಾನ್ ಅಂಡ್ ಇಮ್ಮಾರಲ್ ಸೊಸೈಟಿ'ಯನ್ನು ನೋಡಿ. ಒಬ್ಬ ಮನುಷ್ಯ ಒಳ್ಳೆಯವನಾಗಿರಬಹುದು, ಗುಂಪು ಮಾತ್ರ ಸ್ವಾರ್ಥ ಬಿಡುವುದಿಲ್ಲ. ಅಧಿಕಾರಕ್ಕೆ ಉಪದೇಶ ನಾಟುವುದಿಲ್ಲ, ಎದುರು ನಿಂತ ಇನ್ನೊಂದು ಬಲಕ್ಕಷ್ಟೇ ಅದು ಮಣಿಯುತ್ತದೆ. ಈ ವಾದದ ನಡುವೆ ಗಾಂಧಿ ಬರುತ್ತಾರೆ. ಅಹಿಂಸೆಯೂ ಒಂದು ಬಗೆಯ ಒತ್ತಾಯವೇ, ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಲ್ಯಾಂಕಶೈರ್ ಕಡೆಯ ಮಕ್ಕಳೂ ಹಸಿಯುತ್ತಾರೆ ಎನ್ನುತ್ತಾರೆ ನೀಬೂರ್. ಗಾಂಧಿಯನ್ನು ಪೂಜಿಸುವವರಿಗೂ ಹಳಿಯುವವರಿಗೂ ಇರಿಸುಮುರಿಸು ತರುವ ಮಾತು. ಹಾಗೆಂದು ಅವರು ಅಹಿಂಸೆಯನ್ನು ಕೈಬಿಡುವುದಿಲ್ಲ. ಅಮೆರಿಕದ ಕಪ್ಪುಜನರಿಗೆ ಇದೇ ದಾರಿ ಎಂದು ಅಲ್ಲಿಯೇ ಬರೆಯುತ್ತಾರೆ. ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ಶುರುವಾಗಲು ಆಗ ಇನ್ನೂ ಇಪ್ಪತ್ತಮೂರು ವರ್ಷವಿತ್ತು. ಆ ಬಹಿಷ್ಕಾರವನ್ನು ಮುನ್ನಡೆಸಿದ ಮಾರ್ಟಿನ್ ಲೂಥರ್ ಕಿಂಗ್ ವಿದ್ಯಾರ್ಥಿಯಾಗಿದ್ದಾಗ ನೀಬೂರ್ ಅವರನ್ನು ಗಮನವಿಟ್ಟು ಓದಿದ್ದರು.

ಆದರೆ ಇದು ಸಭೆಯ ಮುಂದೆ ನಿಂತವರ ಗದ್ಯ. ಪ್ರತಿ ಪುಟದಲ್ಲೂ ಎದುರಾಳಿ ಬೇಕು, ಅವನು ಬೇಗ ಸೋಲಬೇಕು. ಜಾನ್ ಡ್ಯೂಯಿಯಂಥ ತತ್ವಜ್ಞಾನಿ ಇಲ್ಲಿ ಮುಗ್ಧ ಆಶಾವಾದಿಯಾಗಿ ಇಳಿದುಬಿಡುತ್ತಾರೆ. ಇದಕ್ಕೆ ಹೋಲಿಸಿದರೆ, ಯೇಲ್‌ನಲ್ಲಿ ಕಲಿಸುತ್ತಿದ್ದ ತಮ್ಮ ರಿಚರ್ಡ್ ನೀಬೂರ್ ಎದುರಾಳಿಗೂ ಕುರ್ಚಿ ಹಾಕಿ ಕೂರಿಸುವ ಬರಹಗಾರ. ಅದೇ 1932ರಲ್ಲಿ ಮಂಚೂರಿಯಾದ ಮೇಲೆ ಜಪಾನಿನ ದಾಳಿಯ ಬಗ್ಗೆ ಅಣ್ಣತಮ್ಮಂದಿರು ಒಂದೇ ಪತ್ರಿಕೆಯಲ್ಲಿ ವಾದಕ್ಕಿಳಿದರು. ಕೆಲವೊಮ್ಮೆ ಕೈಕಟ್ಟಿ ಕಾಯುವುದೂ ಭಕ್ತಿಯೇ ಎಂದರು ತಮ್ಮ. ಕಾಯುತ್ತ ಕೂರಲಾಗದು ಎಂದರು ಅಣ್ಣ. ಇಬ್ಬರ ದಿನಚರಿಯೂ ಅದೇ ವಾದದಂತೆ ಇತ್ತು. ರಿಚರ್ಡ್ ಬರೆದದ್ದು ಕಡಿಮೆ. ವಾಕ್ಯ ವಾಕ್ಯವಾಗಿ ತೂಗಿದರೆ ನನಗೆ ತಮ್ಮನೇ ಮೇಲು.

ಅಣ್ಣನ ದೊಡ್ಡ ಪುಸ್ತಕ ಹುಟ್ಟಿದ್ದೂ ಭಾಷಣದಿಂದಲೇ. 1939ರಲ್ಲಿ ಎಡಿನ್‌ಬರೋದಲ್ಲಿ ಗಿಫರ್ಡ್ ಉಪನ್ಯಾಸಗಳನ್ನು ಕೊಟ್ಟರು. ಆ ಅಕ್ಟೋಬರಿನಲ್ಲಿ ಹತ್ತಿರದ ಫರ್ತ್ ಆಫ್ ಫೋರ್ತ್‌ನ ಯುದ್ಧನೌಕೆಗಳ ಮೇಲೆ ಜರ್ಮನ್ ವಿಮಾನಗಳು ಎರಗಿದವು. ಆ ಉಪನ್ಯಾಸಗಳು 'ದಿ ನೇಚರ್ ಅಂಡ್ ಡೆಸ್ಟಿನಿ ಆಫ್ ಮ್ಯಾನ್' ಎಂದು 1941 ಮತ್ತು 1943ರಲ್ಲಿ ಎರಡು ಸಂಪುಟಗಳಾಗಿ ಬಂದವು. ಇಲ್ಲಿ ಮಾತ್ರ ಅವಸರ ಕಾಣುವುದಿಲ್ಲ. ತಾನು ಅಳಿಯುವವನೆಂಬ ಆತಂಕವನ್ನು ಮುಚ್ಚಿಕೊಳ್ಳಲು ಮನುಷ್ಯ ಅಹಂಕಾರಕ್ಕೆ ಮೊರೆಹೋಗುತ್ತಾನೆ: ಅಧಿಕಾರದ, ಜ್ಞಾನದ, ಕೊನೆಗೆ ಸದ್ಗುಣದ ಅಹಂಕಾರಕ್ಕೆ. ಧರ್ಮಿಷ್ಠನ ಅಹಂಕಾರವೇ ಎಲ್ಲಕ್ಕಿಂತ ಕೇಡು ಎನ್ನುವ ಪುಟಗಳು ಇಂದು ನಮ್ಮ ದೇಶದಲ್ಲೂ ಓದಬೇಕಾದವು.

ಈ ಪುಸ್ತಕಕ್ಕೆ ತಕ್ಕ ಪ್ರಶ್ನೆ ಬಂದದ್ದು ಅವರು ನಿವೃತ್ತರಾದ 1960ರಲ್ಲಿ. ವ್ಯಾಲರಿ ಸೇವಿಂಗ್ ಎಂಬ ಯುವ ವಿದುಷಿ ಒಂದು ಲೇಖನದಲ್ಲಿ ಕೇಳಿದರು: ಅಹಂಕಾರವೇ ಮೂಲಪಾಪವೆನ್ನುವುದು ಗಂಡಸಿನ ಅನುಭವವಲ್ಲವೆ? ಎಲ್ಲರ ಕರೆಗೂ ಓಗೊಟ್ಟು, ಚೂರುಚೂರಾಗಿ ಹಂಚಿಹೋಗಿ, ತನ್ನದೆಂಬುದೇ ಉಳಿಯದಂತಾಗುವುದು ಹೆಂಗಸಿನ ಮುಂದಿರುವ ಅಪಾಯವಲ್ಲವೆ? ನೀಬೂರ್ ಅವರ ಬಗ್ಗೆ ಬಂದ ಟೀಕೆಗಳಲ್ಲಿ ಇಷ್ಟು ಆಳಕ್ಕೆ ಇಳಿದದ್ದು ಕಡಿಮೆ. ಅವರ ಮನೆಯನ್ನು ನೋಡಿದರೆ ಇದು ಇನ್ನೂ ನಾಟುತ್ತದೆ. ಹೆಂಡತಿ ಉರ್ಸುಲಾ ಸ್ವತಃ ದೇವಶಾಸ್ತ್ರ ಓದಿದವರು, ಬರ್ನಾರ್ಡ್ ಕಾಲೇಜಿನ ಧರ್ಮಾಧ್ಯಯನ ವಿಭಾಗವನ್ನು ಕಟ್ಟಿ ನಡೆಸಿದವರು. 1952ರ ಫೆಬ್ರವರಿಯಲ್ಲಿ ಗಂಡನಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರ ಬರವಣಿಗೆಯಲ್ಲಿ ಆಕೆಯ ಕೈ ಎಷ್ಟಿತ್ತೆಂದರೆ, ಯಾವ ವಿಚಾರ ಯಾರದೆಂದು ಬಿಡಿಸಿ ಹೇಳುವುದು ಕಷ್ಟ ಎಂದು 1965ರ ಪುಸ್ತಕದ ಪೀಠಿಕೆಯಲ್ಲಿ ನೀಬೂರ್ ಅವರೇ ಒಪ್ಪಿಕೊಂಡರು. ಮುಖಪುಟದಲ್ಲಿ ಒಂದೇ ಹೆಸರಿತ್ತು. ಪಾಠ, ಭಾಷಣ, ಬರವಣಿಗೆ ಮೂರನ್ನೂ ತೂಗಿದ ತಕ್ಕಡಿಯನ್ನು ಹಿಡಿದು ನಿಂತವರು ಯಾರೆಂಬುದಕ್ಕೆ ಪೀಠಿಕೆಯ ಆ ಮಾತು ಸಾಕ್ಷಿ.

ಇನ್ನೊಂದು ಬಾಕಿ ಇದಕ್ಕಿಂತ ದೊಡ್ಡದು. ಯೂನಿಯನ್ ಸೆಮಿನರಿಯಲ್ಲೇ ಮುಂದೆ ಪ್ರೊಫೆಸರ್ ಆಗಿದ್ದ ಜೇಮ್ಸ್ ಕೋನ್, 2011ರ ತಮ್ಮ ಪುಸ್ತಕದಲ್ಲಿ ನೇರವಾಗಿ ಆರೋಪಿಸಿದರು: ಶಿಲುಬೆಯ ಬಗ್ಗೆ ಇಷ್ಟು ಬರೆದವರಿಗೆ, ತಮ್ಮ ದೇಶದಲ್ಲಿ ಕಪ್ಪುಜನರನ್ನು ಮರಕ್ಕೆ ನೇಣುಹಾಕಿ ಕೊಲ್ಲುತ್ತಿದ್ದುದು ಶಿಲುಬೆಯಾಗಿ ಕಾಣಲೇ ಇಲ್ಲ. ಸಮಯವಿರಲಿಲ್ಲ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ರಷ್ಯಾ, ಜರ್ಮನಿ, ಅಣುಬಾಂಬು ಎಲ್ಲಕ್ಕೂ ಅವರ ಲೇಖನಿಗೆ ಬಿಡುವಿತ್ತು.

ಹೊಸದಾಗಿ ಓದುವವರು 1952ರ 'ದಿ ಐರನಿ ಆಫ್ ಅಮೆರಿಕನ್ ಹಿಸ್ಟರಿ'ಯಿಂದ ಶುರು ಮಾಡಲಿ. ಅದೂ ಭಾಷಣಗಳಿಂದ ಬೆಳೆದದ್ದೇ. ತಾನು ನಿರ್ದೋಷಿ ಎಂದು ನಂಬಿದ ಬಲಾಢ್ಯ ದೇಶ ಎಷ್ಟು ಅಪಾಯಕಾರಿ ಎಂಬುದನ್ನು ಅದು ಹೇಳಿದಷ್ಟು ಚಿಕ್ಕದಾಗಿ ಬೇರೆ ಪುಸ್ತಕ ಹೇಳಿಲ್ಲ. ಗಿಫರ್ಡ್ ಸಂಪುಟಗಳನ್ನು ಆಮೇಲೆ ನಿಧಾನವಾಗಿ ಓದಿ, ಜೊತೆಗೆ ಸೇವಿಂಗ್ ಮತ್ತು ಕೋನ್ ಇಬ್ಬರನ್ನೂ ಇಟ್ಟುಕೊಳ್ಳಿ.