ಹೊಸಬರಿಗೆ ಹೊಸ್ತಿಲಲ್ಲೇ ಪರೀಕ್ಷೆ

ಮುಕ್ತ ತಂತ್ರಾಂಶಗಳ ಪೈಕಿ ಗ್ರಾಸ್ ಜಿಐಎಸ್‌ಗೆ ದೂರದಿಂದಲೇ ಕೈ ಮುಗಿದು ಹೋದವರು ಬಹಳ. ಮಳೆನೀರು ಗುಡ್ಡದಿಂದ ಯಾವ ಹಳ್ಳಕ್ಕೆ ಇಳಿಯುತ್ತದೆ, ಒಂದು ಕೆರೆಯ ಜಲಾನಯನ ಪ್ರದೇಶ ಎಲ್ಲಿಂದ ಎಲ್ಲಿಗೆ, ಉಪಗ್ರಹ ಚಿತ್ರದಲ್ಲಿ ಕಾಡು ಯಾವುದು ತೋಟ ಯಾವುದು ಎಂಬಂಥ ಲೆಕ್ಕಗಳಲ್ಲಿ ಅದರದ್ದು ಪಳಗಿದ ಕೈ. ಆದರೆ 2022ರಲ್ಲಿ ಎಂಟನೆಯ ಆವೃತ್ತಿ ಬರುವವರೆಗೆ, ಅದನ್ನು ಮೊದಲ ಸಲ ತೆರೆದವರಿಗೆ ನಕ್ಷೆಯ ಬದಲು ಪ್ರಶ್ನೆಪತ್ರಿಕೆ ಎದುರಾಗುತ್ತಿತ್ತು.

ಏಳನೆಯ ಆವೃತ್ತಿಯ ಆ ಆರಂಭದ ಪರದೆಯನ್ನು ನೆನಪಿಸಿಕೊಳ್ಳಿ. ಮೂರು ಹಂತ, ಒಂದಾದ ಮೇಲೊಂದು. ಮೊದಲು ಜಿಐಎಸ್ ಡೇಟಾಬೇಸ್ ಫೋಲ್ಡರ್ ಆರಿಸಿ. ಆಮೇಲೆ ಎಡಗಡೆಯ ಪಟ್ಟಿಯಿಂದ 'ಲೊಕೇಶನ್'. ಆಮೇಲೆ ಬಲಗಡೆಯಿಂದ 'ಮ್ಯಾಪ್‌ಸೆಟ್'. ಮೂರೂ ಕೂಡಿಬಂದರಷ್ಟೇ ಸೆಷನ್ ಶುರು. ಹೊಸಬರ ಕಂಪ್ಯೂಟರಿನಲ್ಲಿ ಎರಡು ಪಟ್ಟಿಗಳೂ ಖಾಲಿ. ಆಯ್ದುಕೊಳ್ಳಲು ಏನೂ ಇಲ್ಲದಲ್ಲಿ ಆಯ್ಕೆ ಮಾಡಿ ಎನ್ನುತ್ತಿದ್ದ ಪರದೆ ಅದು. ಲೊಕೇಶನ್ ಎಂದರೆ ಊರೋ ಫೋಲ್ಡರೋ ಎಂದು ತಡಕಾಡಿ, 'ಹೊಸದು' ಎಂಬ ಗುಂಡಿ ಒತ್ತಿದರೆ ಇನ್ನೊಂದು ಕಿಟಕಿ ತೆರೆದು, ನಿಮ್ಮ ನಿರ್ದೇಶಾಂಕ ವ್ಯವಸ್ಥೆ (ನೆಲದ ಮೇಲಿನ ಜಾಗವನ್ನು ಅಂಕಿಗಳಲ್ಲಿ ಗುರುತಿಸುವ ಕ್ರಮ) ಯಾವುದು ಎಂದು ಕೇಳುತ್ತಿತ್ತು. ಊಟಕ್ಕೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಅಡುಗೆಮನೆಯ ಯಾವ ಡಬ್ಬಿಯಲ್ಲಿ ಏನಿದೆ ಹೇಳಿ ಎಂದ ಹಾಗೆ.

ಆದರೂ ಅದನ್ನು ಮೂರ್ಖ ವಿನ್ಯಾಸ ಎಂದು ತಳ್ಳಿಹಾಕುವುದು ಅನ್ಯಾಯ. ಗ್ರಾಸ್ ಹುಟ್ಟಿದ್ದು 1982ರ ಸುಮಾರಿಗೆ, ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿದ್ದ ಸೈನ್ಯದ ನಿರ್ಮಾಣ ಸಂಶೋಧನಾ ಪ್ರಯೋಗಾಲಯದಲ್ಲಿ. ಸೇನಾ ನೆಲೆಗಳ ವಿಸ್ತಾರವಾದ ಜಮೀನನ್ನು ನೋಡಿಕೊಳ್ಳುವ ಪರಿಸರ ಯೋಜಕರಿಗಾಗಿ ಅದನ್ನು ಕಟ್ಟಿದರು. (1987ರ ಅದರ ಪ್ರಚಾರ ಚಿತ್ರಕ್ಕೆ ದನಿ ಕೊಟ್ಟವರು 'ಸ್ಟಾರ್ ಟ್ರೆಕ್'ನ ವಿಲಿಯಂ ಶಾಟ್ನರ್. ಆರಂಭದ ಪರದೆಗೂ ಅಷ್ಟೇ ಖರ್ಚು ಮಾಡಬಹುದಿತ್ತು!) ಯುನಿಕ್ಸ್ ಯಂತ್ರದಲ್ಲಿ ಹಲವರು ಕೂಡಿ ಕೆಲಸ ಮಾಡುತ್ತಿದ್ದ ಕಾಲ ಅದು. ಎಲ್ಲರಿಗೂ ಬೇಕಾದ ಮೂಲ ನಕ್ಷೆಗಳು 'ಪರ್ಮನೆಂಟ್' ಎಂಬ ಮ್ಯಾಪ್‌ಸೆಟ್‌ನಲ್ಲಿ; ಪ್ರತಿಯೊಬ್ಬರಿಗೂ ಅವರವರ ಮ್ಯಾಪ್‌ಸೆಟ್. ಇನ್ನೊಬ್ಬರದನ್ನು ಓದಬಹುದು, ಅದರಲ್ಲಿ ಬರೆಯುವಂತಿಲ್ಲ. ಒಂದು ಲೊಕೇಶನ್‌ನಲ್ಲಿ ಇರುವುದೆಲ್ಲ ಒಂದೇ ನಿರ್ದೇಶಾಂಕ ವ್ಯವಸ್ಥೆಯಲ್ಲಿ ಇರತಕ್ಕದ್ದು. ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕದ ಮೇಲೆ ಹರಿಯದಂತೆ ಕಾದ ಈ ಶಿಸ್ತೇ ಗ್ರಾಸ್‌ನ ಶಕ್ತಿ. ಆ ಕಚೇರಿಯಲ್ಲಿ ಕೂತವರಿಗೆ ಮೂರು ಪ್ರಶ್ನೆಗಳ ಉತ್ತರವೂ ಗೊತ್ತಿತ್ತು, ಗೊತ್ತಿಲ್ಲದಿದ್ದರೆ ಪಕ್ಕದ ಮೇಜಿನವರು ಹೇಳುತ್ತಿದ್ದರು.

ತೊಂದರೆ ಶುರುವಾದದ್ದು ಪಕ್ಕದ ಮೇಜು ಇಲ್ಲವಾದಾಗ. ಸೈನ್ಯ ಕೈಬಿಟ್ಟ ಮೇಲೆ ತಂತ್ರಾಂಶ ವಿಶ್ವವಿದ್ಯಾಲಯಗಳ ಕೈಗೆ ಬಂತು, 1999ರಲ್ಲಿ ಜಿಪಿಎಲ್ ಪರವಾನಗಿ ಪಡೆದು ಯಾರು ಬೇಕಾದರೂ ಇಳಿಸಿಕೊಳ್ಳುವಂತಾಯಿತು. ಬಳಸುವವರು ಬದಲಾದರು, ಬಾಗಿಲು ಮಾತ್ರ ಹಾಗೇ ಉಳಿಯಿತು. ಹಳೆಯ ಆವೃತ್ತಿಗಳಲ್ಲಿ ಅದು ಅಕ್ಷರಗಳ ಪರದೆ. ಖಾಲಿ ಜಾಗ ತುಂಬಿ ಎಸ್ಕೇಪ್ ಒತ್ತಿ, ಆಮೇಲೆ ಎಂಟರ್ ಒತ್ತಬೇಕು. ಮುಂದೆ ಬಂದ ಚಿತ್ರಮಯ ಪರದೆ ಅದೇ ಅರ್ಜಿಗೆ ಬಣ್ಣ ಬಳಿದು ಗುಂಡಿ ಹೊಲಿದದ್ದಷ್ಟೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2000ದ ದಶಕದಲ್ಲಿ ಗ್ರಾಸ್‌ನ ಮೇಲೆ 'ಜಿಆರ್‌ಡಿಎಸ್‌ಎಸ್' ಎಂಬ ತಮ್ಮದೇ ಚಿತ್ರಮಯ ಹೊದಿಕೆ ಕಟ್ಟಿಕೊಂಡರು. ಒಳಗಿನ ಎಂಜಿನ್ ಬೇಕು, ಮುಂಬಾಗಿಲು ಬೇಡ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಕೊನೆಗೂ ಬಾಗಿಲಿಗೆ ಕೈ ಹಚ್ಚಿದ್ದು 2020ರ ಗೂಗಲ್ ಸಮ್ಮರ್ ಆಫ್ ಕೋಡ್‌ನ ಒಂದು ವಿದ್ಯಾರ್ಥಿ ಯೋಜನೆ. ಅದರ ಫಲ ಎಂಟನೆಯ ಆವೃತ್ತಿಯಲ್ಲಿ ಕಂಡಿತು. ಆರಂಭದ ಪರದೆಯನ್ನು ಚಂದಗಾಣಿಸುವ ಬದಲು ಕಿತ್ತೇ ಹಾಕಿದರು, ಸರಿಯಾದ ಕೆಲಸ. ಈಗ ತಂತ್ರಾಂಶ ತಾನೇ 'ಗ್ರಾಸ್‌ಡೇಟಾ' ಎಂಬ ಫೋಲ್ಡರ್ ಮಾಡಿಕೊಂಡು, ಜಗತ್ತಿನ ದೇಶಗಳ ಗಡಿಯಿರುವ ಮಾದರಿ ಲೊಕೇಶನ್ ಒಂದನ್ನು ಇಟ್ಟು ನೇರವಾಗಿ ತೆರೆದುಕೊಳ್ಳುತ್ತದೆ. ಎಡಗಡೆ ಫೋಲ್ಡರ್‌ಗಳ ಮರ. ಅಲ್ಲಿ ಹೆಸರಿನ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ನಕ್ಷೆ. ನೀವೆಲ್ಲಿದ್ದೀರಿ, ನಿಮ್ಮ ಪ್ರದೇಶಕ್ಕೆ ಬೇರೆ ನಿರ್ದೇಶಾಂಕ ವ್ಯವಸ್ಥೆ ಯಾಕೆ ಒಳ್ಳೆಯದು ಎಂದು ಹೇಳುವ ಪಟ್ಟಿಯೊಂದು ಮೇಲೆ ಬರುತ್ತದೆ. ಬೇಕಾದರೆ ಓದಿ, ಬೇಡದಿದ್ದರೆ ಮುಚ್ಚಿ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇನ್ನೊಂದು ಸಂಗತಿ: ಹಿಂದಿನ ಸಲ ಬಳಸಿದ ಮ್ಯಾಪ್‌ಸೆಟ್‌ಗೆ ಬೀಗ ಬಿದ್ದಿದ್ದರೆ ಅಥವಾ ಅದು ಅಳಿಸಿಹೋಗಿದ್ದರೆ ತಂತ್ರಾಂಶ ಮುಖ ತಿರುಗಿಸುವುದಿಲ್ಲ. ಬೇರೊಂದು ಜಾಗದಲ್ಲಿ ತೆರೆದುಕೊಂಡು, ಯಾಕೆ ಹೀಗಾಯಿತು ಎಂದು ತಿಳಿಸುತ್ತದೆ. ಇಂಥ ಸೌಜನ್ಯ ತಂತ್ರಾಂಶಗಳಲ್ಲಿ ಅಪರೂಪ. 2024ರ 8.4 ಆವೃತ್ತಿಯಲ್ಲಿ 'ಲೊಕೇಶನ್' ಎಂಬ ಹೆಸರು ಹೋಗಿ 'ಪ್ರಾಜೆಕ್ಟ್' ಬಂತು, ಅದೂ ಒಳ್ಳೆಯದೇ.

ಇಷ್ಟಾದ ಮೇಲೂ ನನ್ನ ತಕರಾರು ಉಳಿದಿದೆ. ಹಳೆಯ ಪರದೆ ಕೇಳುತ್ತಿದ್ದ ನಿರ್ದೇಶಾಂಕದ ಪ್ರಶ್ನೆ ಕೆಟ್ಟದ್ದಾಗಿರಲಿಲ್ಲ, ಕೇಳುವ ಹೊತ್ತು ಕೆಟ್ಟದಾಗಿತ್ತು. ಹೊಸ ವ್ಯವಸ್ಥೆ ಪ್ರಶ್ನೆಯನ್ನೇ ಮುಂದೂಡಿ ಹೊಸಬರನ್ನು ಅಕ್ಷಾಂಶ-ರೇಖಾಂಶದ ಜಗತ್ತಿನಲ್ಲಿ ಕೂರಿಸುತ್ತದೆ. ಅಲ್ಲಿ ಅಳತೆಯ ಮಾನ ಡಿಗ್ರಿ. ಪೂರ್ವ-ಪಶ್ಚಿಮವಾಗಿ ಒಂದು ಡಿಗ್ರಿ ಎಂದರೆ ಬೆಂಗಳೂರಿನಲ್ಲಿ ಸುಮಾರು 108 ಕಿ.ಮೀ., ಓಸ್ಲೋದಲ್ಲಿ ಅದರ ಅರ್ಧದ ಆಸುಪಾಸು. ಲ್ಯಾಂಡ್‌ಸ್ಯಾಟ್ ಚಿತ್ರಗಳು ಸಾಮಾನ್ಯವಾಗಿ ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯಲ್ಲಿ, 30 ಮೀಟರಿನ ಚೌಕಗಳಾಗಿ ಬರುತ್ತವೆ. ಹೊಸಬರು ಅಂಥದ್ದೊಂದನ್ನು ಈ ಮಾದರಿ ಜಾಗಕ್ಕೇ ತಂದುಕೊಂಡರೆ ತಂತ್ರಾಂಶ ಅದನ್ನು ಡಿಗ್ರಿಗೆ ಹೊಂದಿಸಿ ಮತ್ತೆ ಕತ್ತರಿಸುತ್ತದೆ. ಚೌಕಗಳು ಮೊದಲಿನ ಚೌಕಗಳಾಗಿ ಉಳಿಯುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಸೂಚನೆ ಇತ್ತಲ್ಲ ಎನ್ನಬಹುದು. ಅದನ್ನು ಮುಚ್ಚದೆ ಓದುವವರು ಹೊಸಬರಲ್ಲ.

ಇನ್ನೊಂದು ಮುಕ್ತ ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್ ಈ ಗಂಟನ್ನು ಬೇರೆ ರೀತಿ ಬಿಡಿಸಿದೆ. ಅಲ್ಲಿ ಮೊದಲು ಹಾಕಿದ ಲೇಯರ್‌ನ ವ್ಯವಸ್ಥೆಯೇ ಪ್ರಾಜೆಕ್ಟಿನ ವ್ಯವಸ್ಥೆಯಾಗುತ್ತದೆ. ಯಾರನ್ನೂ ಕೇಳುವ ಗೊಡವೆ ಇಲ್ಲ. ಕ್ಯೂಜಿಐಎಸ್ ಒಳಗಿಂದ ಗ್ರಾಸ್‌ನ ಸಲಕರಣೆಗಳನ್ನು ಓಡಿಸಿದಾಗಲೂ ಹಾಗೆಯೇ: ತೆರೆಮರೆಯಲ್ಲಿ ತಾತ್ಕಾಲಿಕ ಲೊಕೇಶನ್ ತಾನಾಗಿ ಸೃಷ್ಟಿಯಾಗಿ, ಕೆಲಸ ಮುಗಿದ ಮೇಲೆ ಮರೆಯಾಗುತ್ತದೆ. ಅಂದರೆ ಆ ಪ್ರಶ್ನೆಗೆ ಉತ್ತರ ಹೇಳಬೇಕಾದ್ದು ಹೊಸಬರಲ್ಲ, ಅವರ ಕೈಯಲ್ಲಿರುವ ಫೈಲ್. ಹಾಗೆಂದು ಕ್ಯೂಜಿಐಎಸ್‌ನ ಸ್ವಾಗತ ಪುಟವನ್ನು ಹೊಗಳಲಾರೆ. ಇತ್ತೀಚಿನ ಪ್ರಾಜೆಕ್ಟುಗಳ ಪಟ್ಟಿ ಮೊದಲ ದಿನ ಖಾಲಿ, ಪಕ್ಕದಲ್ಲಿ ಸುದ್ದಿ. ನಿರ್ದೇಶಾಂಕದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ವರ್ಲ್ಡ್' ಎಂದು ಟೈಪಿಸಿ ಎಂಟರ್ ಒತ್ತಿದರೆ ಜಗತ್ತಿನ ನಕ್ಷೆ ಮೂಡುತ್ತದೆ, ಬಲ್ಲವರು ಒಬ್ಬರಿಗೊಬ್ಬರು ಹೇಳಿಕೊಂಡು ನಗುವ ಗುಟ್ಟು ಅದು. ಮೊದಲ ದಿನದವರಿಗೆ ಬೇಕಾದ ವಸ್ತುವನ್ನು ತಮಾಷೆಯಾಗಿ ಬಚ್ಚಿಟ್ಟಿರುವುದು ನನಗಂತೂ ನಗು ತರಿಸಿಲ್ಲ.

ವಿಚಿತ್ರವೆಂದರೆ, ಫೈಲನ್ನೇ ಓದಿ ವ್ಯವಸ್ಥೆ ತಿಳಿದುಕೊಳ್ಳುವ ಆಯ್ಕೆ ಗ್ರಾಸ್‌ನಲ್ಲಿ ಹಿಂದಿನಿಂದಲೂ ಇದೆ. ಹೊಸ ಪ್ರಾಜೆಕ್ಟ್ ಮಾಡುವ ಕಿಟಕಿಯಲ್ಲಿ, ನಿರ್ದೇಶಾಂಕ ವ್ಯವಸ್ಥೆಗಳನ್ನು ಗುರುತಿಸುವ ಇಪಿಎಸ್‌ಜಿ ಸಂಖ್ಯೆಗಳ ಪಟ್ಟಿ ಮುಂತಾದವುಗಳ ನಡುವೆ ಒಂದಾಗಿ ಕೂತಿದೆ. ಅದನ್ನು ಮೊದಲ ಮುಖಕ್ಕೆ ತಂದು, 'ನಿಮ್ಮ ನಕ್ಷೆಯ ಫೈಲನ್ನು ಇಲ್ಲಿ ಎಳೆದು ಹಾಕಿ' ಎಂಬ ಒಂದು ಸಾಲು ಬರೆದರೆ ಎಂಟನೆಯ ಆವೃತ್ತಿ ಅರ್ಧಕ್ಕೆ ನಿಲ್ಲಿಸಿದ ಕೆಲಸ ಪೂರ್ತಿಯಾಗುತ್ತದೆ. ಮಾದರಿ ಜಗತ್ತು ಫೈಲೇ ಇಲ್ಲದವರಿಗೆ ಇರಲಿ.

ಅಲ್ಲಿಯವರೆಗೆ, ಗ್ರಾಸ್ ಹಾಕಿಕೊಳ್ಳುವ ಕನ್ನಡಿಗರಿಗೆ ಒಂದು ಮಾತು. ಮಾದರಿ ಜಾಗದಲ್ಲಿ ಕೈ ಪಳಗಿಸಿಕೊಳ್ಳಿ, ಅಲ್ಲಿ ಕೆಲಸ ಶುರು ಮಾಡಬೇಡಿ. ಹೊಸ ಪ್ರಾಜೆಕ್ಟ್ ಮಾಡಿ, ನಿಮ್ಮ ಫೈಲನ್ನೇ ತೋರಿಸಿ. ಫೈಲ್ ಇಲ್ಲದಿದ್ದರೆ ಕರ್ನಾಟಕದ ಬಹುಭಾಗಕ್ಕೆ ಇಪಿಎಸ್‌ಜಿ 32643 ಸಾಕು. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರ, ಮುಳಬಾಗಿಲು, ಕೆಜಿಎಫ್ ಕಡೆಯವರು 32644 ಆರಿಸಿಕೊಳ್ಳಿ.